ಚೂರಿಗೊಂದು ಒರೆ: ಕರಾವಳಿಯ ತುಕ್ಕು, ಕಾಡಿನ ಕಾನೂನು ಮತ್ತು ಕೆಲವು ಫಾರ್ವರ್ಡುಗಳು

"ದುಬಾರಿ ಚೂರಿ ಕೊಳ್ಳಬೇಡಿ. ಅಗ್ಗದ್ದನ್ನೇ ಕೊಂಡು ಒಳ್ಳೆಯ ಚರ್ಮದ ಒರೆ ಹೊಲಿಸಿ. ಜೀವಮಾನವಿಡೀ ತುಕ್ಕು ಹಿಡಿಯುವುದಿಲ್ಲ. ಆರು ಇಂಚಿನ ಒಳಗಿದ್ದು ಒರೆಯಲ್ಲಿದ್ದರೆ ಪೊಲೀಸರೂ ಕೇಳುವಂತಿಲ್ಲ. ಟ್ರೆಕ್ಕಿಂಗ್ ಹೋಗುವ ಗೆಳೆಯರಿಗೆ ತಲುಪಿಸಿ."

ಇಂಥ ಸಲಹೆ ವಾಟ್ಸ್ಯಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬರುತ್ತಿರುತ್ತದೆ. ಓದಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಆದರೆ ಈ ನಾಲ್ಕೈದು ಸಾಲುಗಳಲ್ಲಿ ಒಂದು ಮಾತು ನಿಜ, ಒಂದು ಸುಳ್ಳು, ಇನ್ನೊಂದು ಅಪಾಯಕಾರಿ. ಯಾವುದು ಯಾವುದು ಎಂದು ಬಿಡಿಸಿ ನೋಡೋಣ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆಯವರಿಗೆ ಈ ಲೆಕ್ಕಾಚಾರ ಬೇರೆ ಊರಿನವರಿಗಿಂತ ಹೆಚ್ಚು ಮುಖ್ಯ. ಏಕೆಂದರೆ ಇಲ್ಲಿ ಒಂದು ಪಕ್ಕ ಉಪ್ಪು ಗಾಳಿಯ ಸಮುದ್ರ, ಇನ್ನೊಂದು ಪಕ್ಕ ಘಟ್ಟದ ಕಾಡು. ನಡುವೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ.

ಅಗ್ಗದ ಚೂರಿಯೂ ಒಳ್ಳೆಯದಿರಬಹುದೇ?

ಹೌದು, ಸಂದೇಶದ ಈ ಭಾಗ ನಿಜ.

ಮಡಚುವ ಚಾಕುವಿನಲ್ಲಿ ಕೀಲು, ಸ್ಪ್ರಿಂಗು, ಬೀಗ ಇರುತ್ತವೆ. ಮಾಡಲು ಖರ್ಚು, ಕೆಡಲು ಜಾಗ. ಮಡಚಲಾಗದ ಚೂರಿಯಲ್ಲಿ ಅವು ಯಾವುವೂ ಇಲ್ಲ. ಅಲಗಿನ ಲೋಹವೇ ಹಿಡಿಕೆಯೊಳಗೂ ಮುಂದುವರಿದಿರುತ್ತದೆ. ಆದ್ದರಿಂದ ಕಡಿಮೆ ಬೆಲೆಯಲ್ಲೂ ತಯಾರಕರು ಒಳ್ಳೆಯ ಉಕ್ಕು ಮತ್ತು ಸರಿಯಾದ ಹದ ಕೊಡಬಲ್ಲರು. ಸ್ವೀಡನ್ನಿನ ಮೋರಾ ಎಂಬ ಊರಿನ ಚೂರಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಸುಮಾರು 10 ಸೆಂಟಿಮೀಟರ್ ಅಲಗಿನ ಅಲ್ಲಿಯ ಸಾಧಾರಣ ಚೂರಿಯನ್ನು ಬಡಗಿಗಳಿಂದ ಹಿಡಿದು ಚಾರಣಿಗರವರೆಗೆ ಜಗತ್ತಿನಾದ್ಯಂತ ಬಳಸುತ್ತಾರೆ.

ದೂರ ಯಾಕೆ ಹೋಗಬೇಕು? ನಮ್ಮ ಕಡೆಯ ಕಬ್ಬಿಣದ ಕೆಲಸದ ಆಚಾರಿಗಳು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಮಾಡುವುದನ್ನು ಹಲವರು ನೋಡಿರುತ್ತೀರಿ. ಆ ಪ್ಲೇಟು ಇಂಗಾಲದ ಅಂಶ ಚೆನ್ನಾಗಿರುವ ಉಕ್ಕು. ಕೆಂಪಗೆ ಕಾಯಿಸಿ, ಬಡಿದು, ನೀರಿಗೋ ಎಣ್ಣೆಗೋ ಅದ್ದಿ ಹದ ಮಾಡಿದರೆ ಗಟ್ಟಿ ಬಾಯಿ ಬರುತ್ತದೆ. ತೆಂಗಿನಕಾಯಿ ಕೆತ್ತುವುದರಿಂದ ಹಿಡಿದು ಸೊಪ್ಪು ಕಡಿಯುವವರೆಗೆ ವರ್ಷಗಟ್ಟಲೆ ದುಡಿಯುತ್ತದೆ.

ಹಾಗಾದರೆ ಅಗ್ಗದ ಚೂರಿಯಲ್ಲಿ ಉಳಿತಾಯ ಮಾಡುವುದು ಎಲ್ಲಿ? ಬಹುಮಟ್ಟಿಗೆ ಒರೆಯಲ್ಲಿ. ಕಾರ್ಖಾನೆಯ ಚೂರಿಗೆ ಸಡಿಲವಾದ ತೆಳು ಬಟ್ಟೆಯ ಒರೆ ಅಥವಾ ಬಿರುಕು ಬಿಡುವ ಪ್ಲಾಸ್ಟಿಕ್ ಕವಚ ಸಿಗುತ್ತದೆ. ಆಚಾರಿಯ ಕತ್ತಿಗೆ ಹೆಚ್ಚಾಗಿ ಒರೆಯೇ ಇರುವುದಿಲ್ಲ. ಪೇಪರಿನಲ್ಲಿ ಸುತ್ತಿ ಮನೆಗೆ ತಂದರೆ, ಮುಂದೆ ಅದರ ಜಾಗ ಮಾಡಿನ ಪಕ್ಕಾಸಿನ ಸಂದಿ, ಇಲ್ಲವೇ ಕೊಟ್ಟಿಗೆಯ ಮೂಲೆ. ತೋಟಕ್ಕೆ ಹೋಗುವಾಗ ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ರೂಢಿ ಇದೆ. ಅನುಭವ ಇರುವವರಿಗೆ ಅದು ಸರಿ. ಬೈಕಿನಲ್ಲಿ ಹೋಗುವವರಿಗೆ, ಬ್ಯಾಗಿನಲ್ಲಿ ಹಾಕಿಕೊಳ್ಳುವವರಿಗೆ, ಮಕ್ಕಳಿರುವ ಮನೆಗೆ ಅದು ಸಾಲದು.

ಆದ್ದರಿಂದ "ಚೂರಿಗಿಂತ ಒರೆಗೆ ಸ್ವಲ್ಪ ಖರ್ಚು ಮಾಡಿ" ಎಂಬ ಮಾತಿನಲ್ಲಿ ಅರ್ಥವಿದೆ. ಆದರೆ ಒರೆ ಉಕ್ಕಿನ ಗುಣವನ್ನು ಬದಲಾಯಿಸುವುದಿಲ್ಲ. ಅದು ಮಾಡುವುದು ಮೂರೇ ಕೆಲಸ: ನಿಮ್ಮ ಮೈಯನ್ನು ಬಾಯಿಯಿಂದ ಕಾಯುವುದು, ಬಾಯಿಯನ್ನು ಬೇರೆ ವಸ್ತುಗಳಿಂದ ಕಾಯುವುದು, ಬೇಕಾದಾಗ ಒಂದೇ ಕೈಗೆ ಸಿಗುವಂತೆ ಇಡುವುದು. ತುಕ್ಕಿನಿಂದ ಕಾಯುವುದು ಈ ಪಟ್ಟಿಯಲ್ಲಿ ಇಲ್ಲ.

"ಚರ್ಮದ ಒರೆಯಲ್ಲಿಟ್ಟರೆ ತುಕ್ಕು ಹಿಡಿಯುವುದಿಲ್ಲ"

ಇದು ಸುಳ್ಳು. ನಮ್ಮ ಹವೆಯಲ್ಲಂತೂ ಸಂಗತಿ ತದ್ವಿರುದ್ಧ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ವಸ್ತು ಸಾಕು: ನೀರು ಮತ್ತು ಆಮ್ಲಜನಕ. ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ, ಏಕೆಂದರೆ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ತುಕ್ಕು ಹಿಡಿಯುವುದೆಂದರೆ ಲೋಹದ ಮೇಲೆ ಸಣ್ಣ ಸಣ್ಣ ಬ್ಯಾಟರಿಗಳು ಹುಟ್ಟಿಕೊಂಡಂತೆಯೇ. ಕಾಪುವಿನ ದೀಪಸ್ತಂಭದ ಬಳಿ ನಿಂತರೆ ಮುಖಕ್ಕೆ ಅಂಟುವ ಗಾಳಿ ಇದೆಯಲ್ಲ, ಅದರಲ್ಲಿ ಸಮುದ್ರದ ಅಲೆ ಒಡೆದಾಗ ಎದ್ದ ಉಪ್ಪಿನ ಸೂಕ್ಷ್ಮ ಹನಿಗಳಿರುತ್ತವೆ. ಸಮುದ್ರದ ಹತ್ತಿರದ ಮನೆಗಳ ಕಿಟಕಿ ಸರಳು, ಬೈಕಿನ ಸೈಲೆನ್ಸರು ಬೇಗ ತಿಂದುಹೋಗುವುದು ಇದೇ ಕಾರಣಕ್ಕೆ.

ಈಗ ಚರ್ಮದ ವಿಷಯ. ಚರ್ಮ ಗಾಳಿಯ ತೇವವನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟು, ಬೂಟುಗಳ ಮೇಲೆ ಬೂಷ್ಟು ಬರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಚೂರಿಯನ್ನು ಅಂಥ ಒರೆಯಲ್ಲಿಡುವುದೆಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ.

ಚರ್ಮವನ್ನು ಹದಮಾಡುವ ವಿಧಾನವೂ ಲೆಕ್ಕಕ್ಕೆ ಬರುತ್ತದೆ. ಮರದ ತೊಗಟೆ, ಕಾಯಿಗಳ ರಸದಿಂದ ಹದಮಾಡಿದ ಚರ್ಮದಲ್ಲಿ ಟ್ಯಾನಿನ್ ಇರುತ್ತದೆ. ನಮಗೆ ಇದು ಹೊಸ ವಸ್ತುವಲ್ಲ. ಅಡಿಕೆಯ ಚೊಗರಿನಲ್ಲಿರುವುದು, ಬಾಳೆಕಾಯಿ ಕತ್ತರಿಸಿದಾಗ ಕೈಗೆ ಅಂಟುವ ಕರೆಯಲ್ಲಿರುವುದು ಇದೇ ಗುಂಪಿನ ರಾಸಾಯನಿಕ. ಬಾಳೆಕಾಯಿ ಕೊಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುತ್ತದಲ್ಲ, ಒದ್ದೆ ಚರ್ಮದ ಒರೆಯೊಳಗೆ ನಡೆಯುವುದೂ ಅದೇ. ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಕಪ್ಪು ಬಣ್ಣ ಕೊಡುತ್ತವೆ. ಕ್ರೋಮಿಯಂ ಲವಣದಿಂದ ಹದಮಾಡಿದ ಮೆತ್ತನೆಯ ಚರ್ಮದಲ್ಲಿ ಉಳಿದಿರುವ ಲವಣಗಳೂ ತೇವ ಸಿಕ್ಕಾಗ ಉಕ್ಕನ್ನು ತಿನ್ನುತ್ತವೆ. ಒರೆಯ ಹಿತ್ತಾಳೆ ಗುಂಡಿ ಒದ್ದೆ ಅಲಗಿಗೆ ತಾಗುತ್ತಿದ್ದರೆ ಅಲ್ಲಿ ಇನ್ನೂ ಬೇಗ ತುಕ್ಕು. ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ಸೇರಿದರೆ ಕಬ್ಬಿಣವೇ ಸವೆಯುವುದು.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಒಂದೇ ಪೊಟ್ಟಣದ ಎರಡು ಕಬ್ಬಿಣದ ಮೊಳೆಗಳನ್ನು ಒರೆಸಿ ಒಣಗಿಸಿ. ಒಂದನ್ನು ಹಳೆಯ ಚರ್ಮದ ಪರ್ಸಿನೊಳಗೆ, ಇನ್ನೊಂದಕ್ಕೆ ಎಣ್ಣೆ ಸವರಿ ಗಾಳಿಯಾಡುವ ಕಪಾಟಿನಲ್ಲಿಡಿ. ಜುಲೈಯಲ್ಲಿ ಮೂರು ವಾರ ಬಿಟ್ಟು ಹೋಲಿಸಿ.

ಹಾಗೆಂದು ಚರ್ಮದ ಒರೆ ಕೆಟ್ಟದ್ದಲ್ಲ. ಅದು ಒಯ್ಯಲು ಚೆನ್ನ, ಕೂಡಿಡಲು ಅಲ್ಲ. ಸದ್ದಿಲ್ಲ, ಮೈಗೆ ಒತ್ತುವುದಿಲ್ಲ, ಹರಿದರೆ ಹೊಲಿಸಬಹುದು. ಕೆಲಸ ಮುಗಿದ ಮೇಲೆ ಚೂರಿಯನ್ನು ಹೊರತೆಗೆದು, ತೊಳೆದು, ಒರೆಸಿ, ಒರೆಯನ್ನು ಬೇರೆ, ಚೂರಿಯನ್ನು ಬೇರೆ ಇಟ್ಟರಾಯಿತು.

"ಸ್ಟೀಲಿನ ಚೂರಿಗೆ ತುಕ್ಕೇ ಇಲ್ಲ"

ಅರ್ಧ ನಿಜ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಸುಮಾರು 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದನ್ನು ಮೇಲ್ಮೈಯಲ್ಲಿ ಕಟ್ಟಿಕೊಳ್ಳುತ್ತದೆ. ಗೀರಿದರೂ ಆ ಪದರ ಮತ್ತೆ ಬೆಳೆಯುತ್ತದೆ. ಆದರೆ ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಭೇದಿಸುತ್ತದೆ. ಆಗ ಇಡೀ ಅಲಗು ಕೆಂಪಾಗುವ ಬದಲು ಸೂಜಿಮೊನೆಯಂಥ ಗುಂಡಿಗಳು ಬೀಳುತ್ತವೆ.

ಅಲಗಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕು ಗಟ್ಟಿಯಾಗಿರಬೇಕೆಂದು ಅದರಲ್ಲಿ ಇಂಗಾಲ ಹೆಚ್ಚಿಡುತ್ತಾರೆ. ಹೀಗಾಗಿ ಅಡುಗೆಮನೆಯ ಪಾತ್ರೆಗಿಂತ ಅದಕ್ಕೆ ತುಕ್ಕಿನ ಭಯ ಜಾಸ್ತಿ. ಮಲ್ಪೆಯಲ್ಲಿ ಮೀನು ಕತ್ತರಿಸಿದ ಚೂರಿಯನ್ನು ತೊಳೆಯದೆ ಒರೆಗೆ ಹಾಕಿ ವಾರ ಬಿಟ್ಟರೆ, "ಸ್ಟೇನ್‌ಲೆಸ್" ಎಂದು ಅಚ್ಚಾಗಿರುವ ಅಲಗಿನಲ್ಲೂ ಕಲೆ ಕಾಣಬಹುದು. ಸಿಹಿನೀರಿನಲ್ಲಿ ತೊಳೆಯುವುದು, ಪೂರ್ತಿ ಒಣಗಿಸುವುದು, ತೆಳುವಾಗಿ ಎಣ್ಣೆ ಸವರುವುದು: ಈ ಮೂರಕ್ಕೆ ಬದಲಿ ಇಲ್ಲ. ಎಣ್ಣೆಯಾಗಿ ತೆಂಗಿನೆಣ್ಣೆ ಸಾಕು. ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಗೆ ಬೇಗ ಅಂಟಂಟಾಗುತ್ತವೆ, ತೆಂಗಿನೆಣ್ಣೆ ಅಷ್ಟು ಬೇಗ ಕೆಡುವುದಿಲ್ಲ.

ಹಾಗಾದರೆ ಯಾವ ಒರೆ?

ಕರಾವಳಿಯಲ್ಲಿ ನಾಲ್ಕು ದಾರಿಗಳಿವೆ.

ಚರ್ಮ: ಚಪ್ಪಲಿ, ಬ್ಯಾಗು ಹೊಲಿಯುವವರ ಬಳಿ ಮಾಡಿಸಬಹುದು. ದಪ್ಪ, ಬಿರುಸಾದ ಚರ್ಮವೇ ಬೇಕು. ಮೆತ್ತನೆಯ ಪರ್ಸಿನ ಚರ್ಮವನ್ನು ಚೂರಿಯ ಮೊನೆ ತೂರಿ ಬರುತ್ತದೆ. ಬಾಯಿ ಇರುವ ಅಂಚಿನಲ್ಲಿ ಎರಡು ಪದರಗಳ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲಿಯಲು ಮರೆಯದೆ ಹೇಳಿ. ಆ ಪಟ್ಟಿ ಇಲ್ಲದಿದ್ದರೆ ಚೂರಿ ಪ್ರತಿ ಸಲ ನೂಲನ್ನೇ ಕೊಯ್ಯುತ್ತದೆ. ಒಂದು ದಿನ ಹೊಲಿಗೆ ಬಿಚ್ಚಿ ತೊಡೆಗೆ ತಾಗುತ್ತದೆ. ಒರೆ ಮಾಡಿಸುವಾಗ ಜನ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಮರ: ಎರಡು ತೆಳು ಹಲಗೆಗಳಲ್ಲಿ ಅಲಗಿನ ಆಕಾರ ಕೆತ್ತಿ ಅಂಟಿಸುವ ಹಳೆಯ ವಿಧಾನ. ಚೆನ್ನಾಗಿ ಒಣಗಿದ ಹಲಸು, ಸಾಗುವಾನಿ ಆಗುತ್ತದೆ. ಹಸಿ ಮರದಲ್ಲಿ ಮಾಡಿದರೆ ಮಳೆಗಾಲದಲ್ಲಿ ಉಬ್ಬಿ ಚೂರಿ ಸಿಕ್ಕಿಬೀಳುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ.

ಕೈಡೆಕ್ಸ್: ಆನ್‌ಲೈನಿನಲ್ಲಿ ಹೇಳಿ ಮಾಡಿಸುವ ಒರೆಗಳಲ್ಲಿ ಈಗ ಹೆಚ್ಚು ಕಾಣುವುದು ಇದು. ಅಕ್ರಿಲಿಕ್ ಮತ್ತು ಪಿವಿಸಿ ಬೆರೆಸಿದ ಪ್ಲಾಸ್ಟಿಕ್ ಹಾಳೆ. ಸುಮಾರು 150ರಿಂದ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮೆದುವಾಗುತ್ತದೆ, ಚೂರಿಯ ಮೇಲೆ ಒತ್ತಿದರೆ ಅದರ ಅಚ್ಚು ತೆಗೆದುಕೊಂಡು ಗಟ್ಟಿಯಾಗುತ್ತದೆ. ನೀರು ಹೀರುವುದಿಲ್ಲ, ಬೂಷ್ಟು ಬರುವುದಿಲ್ಲ. ಮಳೆನೀರು, ಮೀನಿನ ನೀರು ಇರುವಲ್ಲಿ ಇದೇ ವಾಸಿ. ಆದರೆ ಇದಕ್ಕೂ ಎರಡು ದೋಷ. ತಳದಲ್ಲಿ ನೀರು ಇಳಿಯಲು ತೂತು ಇಲ್ಲದಿದ್ದರೆ ಒಳಗೆ ನಿಂತ ನೀರು ಹೊರಹೋಗುವುದಿಲ್ಲ. ಒಳಗೆ ಮರಳು ಸೇರಿದರೆ ಚೂರಿ ಹಾಕಿ ತೆಗೆಯುವಾಗ ಉಪ್ಪುಕಾಗದದಂತೆ ಅಲಗನ್ನು ಗೀರುತ್ತದೆ. ಕಡಲತೀರಕ್ಕೆ ಹೋಗಿ ಬಂದಾಗಲೆಲ್ಲ ತೊಳೆಯಬೇಕು.

ಪಿವಿಸಿ ಪೈಪು: "ಒಂದು ತುಂಡು ಪೈಪು ಬೆಂಕಿಗೆ ಹಿಡಿದು ಚಪ್ಪಟೆ ಮಾಡಿ, ಪುಕ್ಕಟೆ ಒರೆ ಸಿದ್ಧ" ಎನ್ನುವ ವಿಡಿಯೋಗಳಿವೆ. ಇಲ್ಲಿ ಎಚ್ಚರ ಬೇಕು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಬೆಂಕಿಗೆ ಹಿಡಿದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶವನ್ನು ಉರಿಸುತ್ತದೆ. ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲವೇ ಆಗುತ್ತದೆ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಗ್ಯಾಸ್ ಸ್ಟವಿನ ಮೇಲೆ ಇದನ್ನು ಖಂಡಿತ ಮಾಡಬೇಡಿ. ಪಿವಿಸಿ ಸುಮಾರು 80 ಡಿಗ್ರಿಗೇ ಮೆದುವಾಗುವುದರಿಂದ ಬೆಂಕಿಯ ಅಗತ್ಯವೇ ಇಲ್ಲ. ಮಾಡಲೇಬೇಕೆಂದರೆ ಕುದಿಯುವ ನೀರಿನಲ್ಲಿ ಅದ್ದಿ, ದಪ್ಪ ಕೈಗವಸು ಹಾಕಿ, ಮನೆಯ ಹೊರಗೆ ಮಾಡಿ. ಬಣ್ಣ ಕಂದಾಗುವುದು, ಘಾಟು ಬರುವುದು ಕಂಡರೆ ನಿಲ್ಲಿಸಿ.

ಮಾಡಿಸಿದ ಒರೆಯನ್ನು ಹೇಗೆ ಪರೀಕ್ಷಿಸುವುದು?

ಚೂರಿಯನ್ನು ಒರೆಗೆ ಹಾಕಿ, ನೆಲದ ಮೇಲೆ ದಪ್ಪ ಹಾಸು ಹಾಕಿ, ಕಾಲು ದೂರವಿಟ್ಟು ಒರೆಯನ್ನು ತಲೆಕೆಳಗು ಹಿಡಿದು ಅಲ್ಲಾಡಿಸಿ. ಜಾರಿ ಬಿದ್ದರೆ ಒರೆ ಸರಿ ಇಲ್ಲ. ಎರಡೂ ಕೈ ಹಾಕಿ ಜಗ್ಗಿದರೆ ಮಾತ್ರ ಬರುವಷ್ಟು ಬಿಗಿಯಾಗಿದ್ದರೂ ಸರಿ ಇಲ್ಲ. ಜಗ್ಗಿದ ರಭಸಕ್ಕೆ ಕೈ ಎಲ್ಲಿಗೋ ಹೋಗುತ್ತದೆ.

ಹಾಕಿದಾಗ ಬಾಯಿಯ ಯಾವ ಭಾಗವೂ ಹೊರಗೆ ಕಾಣಬಾರದು. ಹೆಬ್ಬೆರಳನ್ನು ಒರೆಯ ಮೇಲಂಚಿಗೆ ಒತ್ತಿ ಚೂರಿಯನ್ನು ಸಡಿಲಿಸಲು ಬರಬೇಕು. ಎಡಗೈಯವರಾದರೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಬೆಲ್ಟಿನ ಪಟ್ಟಿ ತಪ್ಪು ಮಗ್ಗುಲಿಗೆ ಬರುತ್ತದೆ. ಒರೆಗೆ ಹಾಕುವಾಗ ಇನ್ನೊಂದು ಕೈಯಿಂದ ಒರೆಯ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ತೆಗೆಯುವಾಗಿಗಿಂತ ಹಾಕುವಾಗಲೇ ಗಮನ ತಪ್ಪುವುದು ಹೆಚ್ಚು. ಅಳತೆಗೆ ಕೊಡುವಾಗಲೂ ಬರೀ ಚೂರಿಯನ್ನು ಜೇಬಿನಲ್ಲಿ ಒಯ್ಯದೆ ದಪ್ಪ ರಟ್ಟಿನಲ್ಲಿ ಸುತ್ತಿ ಒಯ್ಯಿರಿ.

"ಆರು ಇಂಚಿನೊಳಗೆ, ಒರೆಯಲ್ಲಿದ್ದರೆ ಕಾನೂನುಬದ್ಧ"

ಇದು ಅಪಾಯಕಾರಿ ಮಾತು. ನಂಬಿದವರು ಕೇಸು ಹಾಕಿಸಿಕೊಳ್ಳಬಹುದು.

ಮೊದಲಿಗೆ, ಒರೆ ಇದ್ದರೆ ವಿನಾಯಿತಿ ಎಂಬ ನಿಯಮವೇ ಇಲ್ಲ. ಎರಡನೆಯದಾಗಿ, ಆರು ಇಂಚು ಎಂಬ ಲೆಕ್ಕವೂ ಅಲ್ಲ. 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಬಂದ 2016ರ ಆಯುಧ ನಿಯಮಗಳು ಹರಿತ ಆಯುಧಗಳ ಪಟ್ಟಿಯಲ್ಲಿ ಹೇಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಆ ಪಟ್ಟಿಯಿಂದ ಹೊರಗೆ. ನಮ್ಮ ತೋಟದ ಕತ್ತಿಗಳು ಎಷ್ಟೇ ದೊಡ್ಡದಿದ್ದರೂ ಮನೆಮನೆಯಲ್ಲಿರುವುದು ಹೀಗೆ. ಫಾರ್ವರ್ಡುಗಳಲ್ಲಿ ಕಾಣುವ "ಮೂರು ಇಂಚು" ಎಂಬ ಇನ್ನೊಂದು ಲೆಕ್ಕಕ್ಕೆ ಮೂಲ ದೆಹಲಿಯ 1980ರ ಅಧಿಸೂಚನೆ. ಅದು 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದದ, ಬಟನ್ ಒತ್ತಿದರೆ ತೆರೆಯುವಂಥ ಚಾಕುಗಳಿಗೆ ಸಂಬಂಧಿಸಿದ್ದು. ಉಡುಪಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ಕೊಡವರಿಗೆ 2029ರವರೆಗೆ ಮುಂದುವರಿಸಿರುವ ಬಂದೂಕು ಲೈಸೆನ್ಸಿನ ವಿನಾಯಿತಿಯನ್ನು ತೋರಿಸಿ "ಕರ್ನಾಟಕದಲ್ಲಿ ಆಯುಧ ಒಯ್ಯಬಹುದು" ಎನ್ನುವುದೂ ತಪ್ಪು.

ಇಷ್ಟು ಕೇಳಿ "ಚಿಕ್ಕ ಚೂರಿ ಎಲ್ಲಿಗೆ ಬೇಕಾದರೂ ಒಯ್ಯಬಹುದು" ಎಂದುಕೊಳ್ಳಬೇಡಿ. ಕೋಮು ಉದ್ವಿಗ್ನತೆ, ಚುನಾವಣೆ ಮುಂತಾದ ಸಂದರ್ಭಗಳಲ್ಲಿ ಜಿಲ್ಲಾಡಳಿತ ನಿಷೇಧಾಜ್ಞೆ ಹೊರಡಿಸುತ್ತದೆ. ಹಿಂದೆ 144ನೇ ಸೆಕ್ಷನ್ ಎಂದು ಕರೆಯುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಚಾಕು, ಕೋಲು ಒಯ್ಯುವುದನ್ನು ತಡೆಯುವ ಅಧಿಕಾರವಿದೆ. ಕರಾವಳಿಗೆ ಇಂಥ ಆಜ್ಞೆಗಳು ಹೊಸದಲ್ಲ. ಅಂಥ ದಿನ ಸೊಂಟದಲ್ಲಿ ಚಂದದ ಒರೆ ತೂಗಿಸಿಕೊಂಡು ಪೇಟೆಗೆ ಹೋದರೆ "ಇಂಚಿನ ಲೆಕ್ಕ" ಕೆಲಸಕ್ಕೆ ಬರುವುದಿಲ್ಲ. ಸ್ವರಕ್ಷಣೆಗೆಂದು ಒಯ್ಯುತ್ತೇನೆ ಎನ್ನುವುದೂ ಸಹಾಯಕ್ಕೆ ಬರುವ ಉತ್ತರವಲ್ಲ. ಜಗಳದಲ್ಲಿ ಕೈಗೆ ಸಿಗುವ ಚೂರಿ ಒಂದು ಪೆಟ್ಟಿನ ವಿಷಯವನ್ನು ಒಂದು ಜೀವದ ವಿಷಯವಾಗಿಸುತ್ತದೆ.

ಚಾರಣಿಗರು ಹೆಚ್ಚಾಗಿ ತಿಳಿಯದೆ ಬೀಳುವ ಹಳ್ಳ ಬೇರೆಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಆಯುಧ" ಎಂಬ ಪದದ ವಿವರಣೆಯಲ್ಲಿ ಬಂದೂಕು, ಬಿಲ್ಲುಬಾಣ, ಉರುಳು, ಬಲೆಗಳ ಜೊತೆ ಚೂರಿಯೂ ಇದೆ. ಅಲ್ಲಿ ಅಳತೆಯ ಮಾತಿಲ್ಲ. ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಕಾರ್ಕಳದ ಬೆನ್ನಿಗಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಹೆಬ್ರಿಯಿಂದ ಆಗುಂಬೆಗೆ ಹತ್ತುವಲ್ಲಿನ ಸೋಮೇಶ್ವರ ಅಭಯಾರಣ್ಯ ಎರಡೂ ಇದರ ವ್ಯಾಪ್ತಿಗೆ ಬರುತ್ತವೆ. ಅಂದರೆ "ಟ್ರೆಕ್ಕಿಂಗ್ ಹೋಗುವ ಗೆಳೆಯರಿಗೆ ತಲುಪಿಸಿ" ಎಂಬ ಸಂದೇಶ ಮಣಿಪಾಲದ ವಿದ್ಯಾರ್ಥಿಯನ್ನು ನೇರವಾಗಿ ಚೆಕ್‌ಪೋಸ್ಟಿನ ಮುಂದೆ ನಿಲ್ಲಿಸಬಹುದು. ಕಾಡಿಗೆ ಹೋಗುವ ದಿನ ಚೂರಿಯನ್ನು ಮನೆಯಲ್ಲಿಡಿ. ಹಣ್ಣನ್ನು ಮೊದಲೇ ಹೆಚ್ಚಿ ಡಬ್ಬಿಗೆ ಹಾಕಿಕೊಳ್ಳಿ.

ವಿಮಾನದಲ್ಲಿ ಕೈಚೀಲದಲ್ಲಿ ಚೂರಿ ನಿಷಿದ್ಧ. ಒಯ್ಯಲೇಬೇಕಾದರೆ ಒರೆಗೆ ಹಾಕಿ, ಸುತ್ತಿ, ಕೌಂಟರಿನಲ್ಲಿ ಒಪ್ಪಿಸುವ ಲಗೇಜಿನಲ್ಲಿಡಬೇಕು.

ದಿಂಬಿನಡಿಯ ಚೂರಿ, ಕೈಯಲ್ಲಿ ಕಬ್ಬಿಣ

ಕರಾವಳಿಯಲ್ಲಿ ಹರಿತ ಲೋಹಕ್ಕೆ ಗೌರವದ ಜಾಗವಿದೆ. ದೈವದ ಕೈಯಲ್ಲಿ ಕಡ್ಸಲೆ, ಗರಡಿಗಳಲ್ಲಿ ಕೋಟಿ-ಚೆನ್ನಯರ ಸುರಿಯ ಇವೆ. ಆ ಶ್ರದ್ಧೆ ಬೇರೆ. ಆದರೆ ಮನೆಯಲ್ಲಿ ಮಾಡುವ ಕೆಲವು ರೂಢಿಗಳನ್ನು ಮಾತ್ರ ಬಿಡುವುದೇ ಒಳ್ಳೆಯದು.

ದೃಷ್ಟಿ ತಾಗದಿರಲಿ ಎಂದು ಬಾಣಂತಿಯ, ಮಗುವಿನ ದಿಂಬಿನ ಕೆಳಗೆ ಚೂರಿ ಇಡುವುದುಂಟು. ಹೊರಳುವ ಮಗುವಿನ ಹತ್ತಿರ ಒರೆಯಿಲ್ಲದ ಚೂರಿಯಿಂದ ಆಗುವ ಅಪಾಯ ಕಣ್ಣಿಗೆ ಕಾಣುವಂಥದ್ದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದೂ ಹಾಗೆಯೇ. ಫಿಟ್ಸ್ ಮಿದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು. ಕೈಯಲ್ಲಿನ ಕಬ್ಬಿಣ ಅದನ್ನು ನಿಲ್ಲಿಸುವುದಿಲ್ಲ. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕಬ್ಬಿಣಕ್ಕೆ ಹೆಸರು ಬಂದಿದೆ. ಸುತ್ತಲಿನ ಹರಿತ ವಸ್ತುಗಳನ್ನು ದೂರ ಸರಿಸಿ, ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು "ತುಕ್ಕು ಹಿಡಿದ ಕತ್ತಿ ತಾಗಿದರೆ ಮಾತ್ರ ಧನುರ್ವಾಯು" ಎಂಬ ಮಾತು. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು, ಸಗಣಿ, ಧೂಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಫಳಫಳ ಹೊಳೆಯುವ ಹೊಸ ಚೂರಿಗೆ ತೋಟದ ಮಣ್ಣು ಮೆತ್ತಿದ್ದರೆ ಅಪಾಯ ಅಷ್ಟೇ ಇದೆ. ಒಳ್ಳೆಯ ಸುದ್ದಿ ಎಂದರೆ ಇದಕ್ಕೆ ಲಸಿಕೆ ಇದೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಸರಕಾರದ ಕಾರ್ಯಕ್ರಮದಲ್ಲಿ 10 ಮತ್ತು 16ನೇ ವಯಸ್ಸಿಗೆ ಟಿಡಿ ಲಸಿಕೆ ಕೊಡುತ್ತಾರೆ. ಆಳವಾದ ಅಥವಾ ಮಣ್ಣು ಸೇರಿದ ಗಾಯವಾದರೆ ಕೊನೆಯ ಲಸಿಕೆ ಯಾವಾಗ ಎಂದು ವೈದ್ಯರಿಗೆ ತಿಳಿಸಿ.

ಗಾಯಕ್ಕೆ ಕಾಫಿ ಪುಡಿ, ಅರಸಿನ ಮೆತ್ತಬೇಡಿ. ರಕ್ತ ನಿಲ್ಲಿಸುವುದು ಪುಡಿಯಲ್ಲ, ಒತ್ತಡ. ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ಮರಗಟ್ಟಿದರೆ ಆಸ್ಪತ್ರೆಗೆ ಹೋಗಲೇಬೇಕು. ನರ, ಸ್ನಾಯುರಜ್ಜು ತುಂಡಾಗಿದ್ದರೆ ಬೇಗ ಹೊಲಿದಷ್ಟೂ ಕೈ ಉಳಿಯುತ್ತದೆ.

ಫಾರ್ವರ್ಡ್ ಮಾಡುವುದಾದರೆ

ಆರಂಭದ ಸಂದೇಶವನ್ನು ತಿದ್ದಿ ಬರೆದರೆ ಹೀಗಾಗುತ್ತದೆ. ಅಗ್ಗದ ಚೂರಿ ಒಳ್ಳೆಯದೇ ಇರಬಹುದು, ಅದಕ್ಕೆ ಅಳತೆಗೆ ತಕ್ಕ ಒರೆ ಮಾಡಿಸುವುದು ಒಳ್ಳೆಯ ಖರ್ಚು. ಒರೆ ಕೈಯನ್ನು ಕಾಯುತ್ತದೆ, ತುಕ್ಕನ್ನು ತಡೆಯುವುದು ನೀವು. ಮಳೆಗಾಲದಲ್ಲಿ ಚೂರಿಯನ್ನು ಚರ್ಮದ ಒರೆಯಲ್ಲಿ ಕೂಡಿಡಬೇಡಿ. ಪೈಪನ್ನು ಬೆಂಕಿಗೆ ಹಿಡಿಯಬೇಡಿ. ಒರೆ ಲೈಸೆನ್ಸ್ ಅಲ್ಲ. ಅಭಯಾರಣ್ಯಕ್ಕೆ ಚೂರಿ ಒಯ್ಯಬೇಡಿ.

ಮೊದಲಿನದಕ್ಕಿಂತ ಇದು ತುಸು ಉದ್ದ, ಅಷ್ಟು ಆಕರ್ಷಕವೂ ಅಲ್ಲ. ಆದರೆ ಇದನ್ನು ನಂಬಿದವರ ಬೆರಳೂ ಉಳಿಯುತ್ತದೆ, ಚೂರಿಯೂ ಉಳಿಯುತ್ತದೆ.